ಕನ್ನಡದ ಹೊಸ್ತಿಲಲ್ಲಿ ಕಿಟೆಲ್ಲರು

ಪರಭಾಷೆಯೊಂದನ್ನು ಕಲಿಯುವುದಕ್ಕೆ ಪುಸ್ತಕಕ್ಕಿಂತಲೂ ಮನೆಯೇ ಮೇಲಾದ ಶಾಲೆಯೆಂಬುದನ್ನು ಲೋಕವೆಲ್ಲ ಒಪ್ಪಿದೆ. ಇಂದು ಸ್ಪ್ಯಾನಿಷ್ ಭಾಷೆಯನ್ನು ಕಲಿಯಬೇಕೆಂದು ಸ್ಪೇನ್ ದೇಶದ ಸಾಲಮಾಂಕಾದಂಥ ಊರಿಗೆ ಹೋಗುವ ತರುಣರು ವ್ಯಾಕರಣವನ್ನು ಓದುವುದು ವಿದ್ಯಾಲಯದಲ್ಲಿ. ಆದರೆ ಅವರಲ್ಲಿ ಅನೇಕರು ವಾಸಮಾಡುವುದು ಆ ಊರಿನ ಒಂದು ಕುಟುಂಬದಲ್ಲಿ. ಊಟದ ಹೊತ್ತಿನಲ್ಲಿ ಉಪ್ಪು ಬೇಡುವ ಮಾತು, ಮಗುವನ್ನು ಗದರುವ ಮಾತು, ನೆರೆಯವರ ಸುದ್ದಿಯನ್ನು ತಗ್ಗಿದ ದನಿಯಲ್ಲಿ ಆಡುವ ಮಾತು ಯಾವ ಪಾಠದಲ್ಲಿಯೂ ಬರುವುದಿಲ್ಲ. ಮನೆಯಲ್ಲಿದ್ದವನ ಕಿವಿಗೆ ಅವು ತಾವಾಗಿಯೇ ಬೀಳುತ್ತವೆ. ವ್ಯಾಕರಣವು ಭಾಷೆಯ ಎಲುಬನ್ನು ತೋರಿಸೀತು. ಅದರ ಉಸಿರನ್ನು ಕೇಳಬೇಕಾದರೆ ಅಡುಗೆಮನೆಯ ಸಮೀಪದಲ್ಲಿ ಕುಳಿತಿರಬೇಕು.

ಹಾಗಾದರೆ, ನಮ್ಮ ನುಡಿಯನ್ನು ಕಲಿಯಲು ಸಮುದ್ರವನ್ನು ದಾಟಿ ಬಂದವರಿಗೆ ನಾವು ಯಾವ ಬಾಗಿಲನ್ನು ತೆರೆದೆವು? ಬಾಗಲಕೋಟೆಯ ಸೀಮೆಯಲ್ಲಿ ಕನ್ನಡವನ್ನು ಪಾಠ ಹೇಳುವ ನನ್ನಂಥ ಅಧ್ಯಾಪಕನಿಗೆ ಈ ಪ್ರಶ್ನೆ ಏಳುವುದು ಫರ್ಡಿನಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಬಿಡಿಸಿದಾಗಲೆಲ್ಲ. ಕಿಟೆಲ್ಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆದರೆ ಆ ಮಹನೀಯರು ನಮ್ಮ ನಾಡಿನಲ್ಲಿ ಎಲ್ಲಿ ಕುಳಿತು, ಯಾರ ನಡುವೆ ಬಾಳಿ, ಏನನ್ನು ಕಳೆದುಕೊಂಡು ಈ ನುಡಿಯನ್ನು ತಮ್ಮದಾಗಿಸಿಕೊಂಡರೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ.

ಕಿಟೆಲ್ಲರು ಹುಟ್ಟಿದ್ದು 1832ರ ಏಪ್ರಿಲಿನಲ್ಲಿ, ಜರ್ಮನಿಯ ವಾಯವ್ಯದ ತುದಿಯಲ್ಲಿರುವ ಪೂರ್ವ ಫ್ರೀಸ್‌ಲಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದು ಉತ್ತರ ಸಮುದ್ರದ ಗಾಳಿ ಬೀಸುವ ತಗ್ಗು ನೆಲ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ಕೋಶವು ಮದರಾಸಿನಲ್ಲಿ ಪ್ರಕಟವಾದದ್ದೂ ಅದೇ 1832ರಲ್ಲಿ. ಮುಂದೆ ಆ ಬಗೆಯ ಕೋಶಗಳನ್ನೆಲ್ಲ ಹಿಂದಿಕ್ಕುವ ನಿಘಂಟನ್ನು ರಚಿಸಲಿದ್ದ ಶಿಶು ಅದೇ ವರ್ಷ ಕಣ್ಣು ತೆರೆದದ್ದು ಕಾಕತಾಳೀಯವಾದರೂ ಸ್ವಾರಸ್ಯದ ಸಂಗತಿ. ತಂದೆ ಕ್ರೈಸ್ತ ಪಾದ್ರಿಗಳು. ಆ ಪ್ರಾಂತದ ಜನರ ಬಾಯಲ್ಲಿದ್ದುದು ತಗ್ಗುನಾಡಿನ ಜರ್ಮನ್. ಶಾಲೆಯಲ್ಲಿ, ದೇವಾಲಯದಲ್ಲಿ ನಡೆಯುತ್ತಿದ್ದುದು ಶಿಷ್ಟ ಜರ್ಮನ್. ಆಡುನುಡಿಗೂ ಬರೆಯುವ ನುಡಿಗೂ ನಡುವೆ ಇರುವ ಅಂತರವನ್ನು ಅಂಥ ಸೀಮೆಯ ಹುಡುಗನಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಔರಿಕ್ ಪಟ್ಟಣದ ಪ್ರೌಢಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಅಭ್ಯಾಸಮಾಡಿದರು. ಭಾಷೆಗಳ ಒಲವು ಹೀಗೆ ಬಾಲ್ಯದಲ್ಲಿಯೇ ಬೇರೂರಿತು.

1850ರಲ್ಲಿ ಅವರು ಸ್ವಿಟ್ಸರ್‌ಲಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿದರು. ಇಲ್ಲಿ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ಅದೇ ಹೊತ್ತಿನಲ್ಲಿ ಬಾಸೆಲ್ಲಿನ ಆ ವಿದ್ಯಾಲಯದಲ್ಲಿ ಮಂಗಳೂರಿನ ತರುಣರೊಬ್ಬರು ಓದುತ್ತಿದ್ದರು. ಅವರೇ ಆನಂದರಾವ್ ಕೌಂಡಿನ್ಯರು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಅವರು 1844ರಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿ ಹುಟ್ಟಿದ ಮನೆಗೆ ಹೊರಗಾದರು. 1846ರಲ್ಲಿ ತಮ್ಮ ಗುರುಗಳಾದ ಹರ್ಮನ್ ಮೋಗ್ಲಿಂಗರೊಡನೆ ಯುರೋಪಿಗೆ ತೆರಳಿದರು. 1851ರವರೆಗೆ ಬಾಸೆಲ್ಲಿನಲ್ಲಿದ್ದು ಜರ್ಮನ್ ಭಾಷೆಯನ್ನೂ ದೇವತಾಶಾಸ್ತ್ರವನ್ನೂ ಅಭ್ಯಾಸಮಾಡಿದರು. ಅಂದರೆ, ಪರದೇಶದಲ್ಲಿದ್ದುಕೊಂಡು ಪರಭಾಷೆಯನ್ನು ಕಲಿತ ಕನ್ನಡ ನಾಡಿನ ತರುಣರೂ, ಮುಂದೆ ಕನ್ನಡ ನಾಡಿಗೆ ಬಂದು ಕನ್ನಡವನ್ನು ಕಲಿಯಲಿದ್ದ ಜರ್ಮನ್ ತರುಣರೂ ಕೆಲವು ತಿಂಗಳು ಒಂದೇ ವಿದ್ಯಾಲಯದಲ್ಲಿದ್ದರು. ಕೌಂಡಿನ್ಯರಿಗೆ ಬಾಸೆಲ್ ಒಂದು ಮನೆಯನ್ನು ಕೊಟ್ಟಿತು. ಕಿಟೆಲ್ಲರಿಗೆ ನಮ್ಮ ನಾಡು ಏನು ಕೊಟ್ಟಿತೆಂಬುದು ಮುಂದಿನ ಕಥೆ.

1853ರಲ್ಲಿ ಕಿಟೆಲ್ಲರು ಭಾರತಕ್ಕೆ ಬಂದರು. ಅವರಿಗೆ ಆಗ 21 ವರ್ಷ. ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಅವರನ್ನು ಕಳಿಸಲಾಯಿತು. ಕೃಷ್ಣೆ–ಮಲಪ್ರಭೆಗಳ ಈ ಸೀಮೆಯನ್ನು ಆಂಗ್ಲರು ದಕ್ಷಿಣ ಮಹಾರಾಷ್ಟ್ರವೆಂದು ಕರೆಯುತ್ತಿದ್ದ ಕಾಲವದು. ಪೇಶವೆಯರ ಆಳಿಕೆ 1818ರಲ್ಲಿಯೇ ಮುಗಿದಿತ್ತಾದರೂ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ಮೆರೆಯುತ್ತಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಟೊಂಕ ಕಟ್ಟಿ ನಿಂತು ಮಾಡಿದ ಕಾರ್ಯವು ಫಲ ಕೊಟ್ಟದ್ದು ಇದರ ಮರುದಶಕದಲ್ಲಿ. ಕನ್ನಡಿಗರಿಗೇ ಕನ್ನಡವು ಮನೆಯೊಳಗಿನ ನುಡಿಯಾಗಿ, ಹೊರಗಿನ ವ್ಯವಹಾರಕ್ಕೆ ಸಲ್ಲದ ನುಡಿಯಾಗಿ ಉಳಿದಿದ್ದ ದಿನಗಳಲ್ಲಿ, ಹೊರಗಿನವನೊಬ್ಬ ಆ ಒಳಗಿನ ನುಡಿಯನ್ನೇ ಅರಸಿಕೊಂಡು ಬಂದನು.

ಬಾಸೆಲ್ ಮಿಶನ್ನಿನವರಿಗೆ ಈ ಭಾಗದಲ್ಲಿ ಆಗಲೇ ಹಲವು ಠಾಣೆಗಳಿದ್ದವು. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಗುಳೇದಗುಡ್ಡದಲ್ಲಿ, ನೇಕಾರರ ಆ ಊರಿನಲ್ಲಿ, 1851ರಲ್ಲಿ ಅವರು ನೆಲೆಯೂರಿದ್ದರು. ಮಿಶನ್ನಿನ ಪದ್ಧತಿಯಂತೆ ಹೊಸದಾಗಿ ಬಂದ ತರುಣನು ಮುನ್ಷಿಯ ಬಳಿ ಅಕ್ಷರ, ಕಾಗುಣಿತ, ವ್ಯಾಕರಣಗಳನ್ನು ಕಲಿತು, ಬಳಿಕ ಸಂತೆ ಜಾತ್ರೆಗಳಲ್ಲಿ ಉಪದೇಶಕ್ಕೆ ನಿಲ್ಲಬೇಕು. ಅಷ್ಟರಮಟ್ಟಿನ ಕನ್ನಡವಿದ್ದರೆ ಸಾಕೆಂಬುದು ಮೇಲಿನವರ ಎಣಿಕೆ. ಕಿಟೆಲ್ಲರಿಗೆ ಅದು ಸಾಲಲಿಲ್ಲ. ಕನ್ನಡಿಗರ ನಡುವೆ ಕನ್ನಡಿಗನಂತೆಯೇ ಬಾಳಬೇಕೆಂಬುದು ಅವರ ಹಂಬಲ. ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿದರು. ಜನರ ಆಚಾರಗಳನ್ನು, ಹಾಡಿನ ಧಾಟಿಗಳನ್ನು ಮನಸ್ಸಿಟ್ಟು ಗಮನಿಸಿದರು. ಸಾಹೇಬರೆಂದರೆ ದರ್ಪವೆಂದು ತಿಳಿದಿದ್ದ ಜನಕ್ಕೆ ಇದು ಹೊಸದು. ದರ್ಪವೇ ಮರ್ಯಾದೆಯೆಂದು ತಿಳಿದಿದ್ದ ಯುರೋಪಿಯನ್ನರಿಗೆ ಇದು ಸಲ್ಲದ ನಡತೆ.

ಆದರೆ ಕನ್ನಡಿಗನಂತೆ ಬಾಳಲು ಕನ್ನಡಿಗರ ಮನೆ ಬೇಕಲ್ಲವೆ? ಅಂದಿನ ನಮ್ಮ ಮನೆಯ ರಚನೆಯನ್ನು ನೆನೆಯೋಣ. ಬೀದಿಗೆ ಕಟ್ಟೆ, ಕಟ್ಟೆಯಿಂದ ಒಳಗೆ ಪಡಸಾಲೆ, ಅಲ್ಲಿಂದ ನಡುಮನೆ, ಆಚೆಗೆ ಅಡುಗೆಮನೆ, ದೇವರ ಜಗುಲಿ: ಹೀಗೆ ಒಂದರೊಳಗೊಂದು. ಬಂದವರ ಜಾತಿ, ಬಳಗ, ಪರಿಚಯಗಳನ್ನು ನೋಡಿ ಯಾರು ಎಲ್ಲಿಯವರೆಗೆ ಬರಬಹುದೆಂಬುದು ಗೊತ್ತಾಗುತ್ತಿತ್ತು. ನಮ್ಮವರಲ್ಲಿಯೇ ಅನೇಕರಿಗೆ ಕಟ್ಟೆಯನ್ನೇರುವ ಅಧಿಕಾರವಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಇಂಥಲ್ಲಿ ಗೋಮಾಂಸ ತಿನ್ನುವವರೆಂದು ಹೆಸರಾದ ಪರದೇಶಿಗಳನ್ನು ಯಾರು ಪಂಕ್ತಿಯಲ್ಲಿ ಕೂರಿಸಿಕೊಂಡಾರು? ಅದಕ್ಕೂ ಮಿಗಿಲಾಗಿ, ಅತಿಥಿಯಾಗಿ ಬಂದವನ ಉದ್ದೇಶವೇ ಮನೆಯವರ ದೇವರನ್ನು ಬಿಡಿಸುವುದಾಗಿತ್ತು. ಬಾಗಿಲು ಪೂರ್ತಿ ತೆರೆಯದಿದ್ದುದಕ್ಕೆ ನಮ್ಮ ಹಿರಿಯರ ಸಂಕುಚಿತತೆಯಷ್ಟೇ ಕಾರಣವಲ್ಲ; ಬಂದವರ ಉದ್ದೇಶವೂ ಕಾರಣ. ಈ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಡಿದರೆ ಚರಿತ್ರೆಗೆ ಅನ್ಯಾಯವಾದೀತು.

ಆದ್ದರಿಂದ ಕಿಟೆಲ್ಲರ ಪಾಲಿಗೆ ದೊರೆತದ್ದು ಕಟ್ಟೆ, ಸಂತೆ, ದಾರಿ, ಕಣ. ಮನೆಯೊಳಗಿನ ಕನ್ನಡವು ಅವರಿಗೆ ಹೊಸ್ತಿಲಿನ ಆಚೆಯಿಂದ ಕೇಳಿಬರುವ ದನಿಯಾಯಿತು. ಇಷ್ಟು ಸಾಲದೆಂಬಂತೆ ಅವರದೇ ಮನೆಯೂ ಅವರಿಗೆ ಒಲಿಯಲಿಲ್ಲ. ಬಾಸೆಲ್ ಮಿಶನ್ನಿನಲ್ಲಿ ದಕ್ಷಿಣ ಜರ್ಮನಿಯವರದೇ ಪ್ರಾಬಲ್ಯ, ಕಿಟೆಲ್ಲರು ಉತ್ತರದವರು. ಅಲ್ಲಿ ವಿಧೇಯತೆಗೆ ಮೊದಲ ಮನ್ನಣೆ. ಇವರದು ಹೆಚ್ಚಿನ ವಿದ್ಯೆ, ಸ್ವತಂತ್ರ ಬುದ್ಧಿ. ಜನರ ಭಾಷೆ, ಸಂಗೀತ, ಆಚಾರಗಳಲ್ಲಿ ಇವರು ತೋರಿದ ಆಸಕ್ತಿಯು ಮಿತಿಮೀರಿತೆಂದು ಮೇಲಿನವರಿಂದ ಆಕ್ಷೇಪಣೆಗಳು ಬಂದವು. ನೀಲಗಿರಿಯ ದೂರದ ಠಾಣೆಯೊಂದಕ್ಕೆ ಅವರನ್ನು ಕಳಿಸಿದರು. ಆಮೇಲೆ ಮಂಗಳೂರಿನ ಮಿಶನ್ ಮುದ್ರಣಾಲಯದ ಕೆಲಸಕ್ಕೆ ಕಟ್ಟಿಹಾಕಿದರು. ಕನ್ನಡಿಗರ ಮನೆಯಲ್ಲಿ ಹೊರಗಿನವರು, ಮಿಶನ್ನಿನ ಮನೆಯಲ್ಲಿಯೂ ಹೊರಗಿನವರು: ಇದು ಅವರ ಯೌವನದ ಪಾಡು.

ಆದರೆ ಶಿಕ್ಷೆಯೆಂದು ಕೊಟ್ಟದ್ದು ಅವರ ಕೈಯಲ್ಲಿ ವರವಾಯಿತು. ನೀಲಗಿರಿಯು ಕನ್ನಡದ ಹತ್ತಿರದ ಬಂಧುವಾದ ಬಡಗ ನುಡಿಯ ನೆಲ. ಮಂಗಳೂರಂತೂ ತುಳು, ಕನ್ನಡ, ಕೊಂಕಣಿಗಳು ಒಂದೇ ಬೀದಿಯಲ್ಲಿ ಓಡಾಡುವ ಊರು. ಅಲ್ಲಿಯ ಮುದ್ರಣಾಲಯದಲ್ಲಿ ಮೋಗ್ಲಿಂಗರು ಮಾಡಿದ್ದ ಕೆಲಸದ ಪರಂಪರೆಯಿತ್ತು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗರು 1848ರಿಂದ 1851ರವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಕನ್ನಡದ ಹಿರಿಯ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಜೀವಂತ ಮನೆಗಳ ಒಳಕ್ಕೆ ಹೋಗಲಾರದಿದ್ದ ಕಿಟೆಲ್ಲರಿಗೆ ಹಳೆಯ ಕವಿಗಳ ಮನೆ ತೆರೆದುಕೊಂಡಿತು. ಓಲೆಗರಿಗೆ ಮೈಲಿಗೆಯಿಲ್ಲ. ಪಂಪನ ಪರಂಪರೆಯ ಜೈನಕವಿಗಳಾಗಲಿ, ವೀರಶೈವ ಪುರಾಣಕಾರರಾಗಲಿ, ಹರಿದಾಸರಾಗಲಿ ಓದುಗನ ಕುಲವನ್ನು ಕೇಳುವವರಲ್ಲ.

1862ರಲ್ಲಿ ಅವರ ಕಥಾಮಾಲೆ ಪ್ರಕಟವಾಯಿತು. ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ, ನಮ್ಮ ಹಾಡುಗಬ್ಬದ ಧಾಟಿಯಲ್ಲಿ ಹೇಳಲು ಹೊರಟ ಕಾವ್ಯವದು. ಅದರ ಕಾವ್ಯಗುಣದ ಮಾತು ಹಾಗಿರಲಿ. ಉಪದೇಶಕನೊಬ್ಬನು ತಾನು ಉಪದೇಶಿಸಬೇಕಾದ ಜನರ ಛಂದಸ್ಸಿಗೆ ಮೊದಲು ಶಿಷ್ಯನಾದನೆಂಬುದು ಇಲ್ಲಿ ಮುಖ್ಯ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಛಂದೋಂಬುಧಿಗೆ ಅವರು ಬರೆದ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯದ ಇತಿಹಾಸವನ್ನು ಕಾಲಾನುಕ್ರಮದಲ್ಲಿ ಜೋಡಿಸುವ ಮೊದಮೊದಲ ಪ್ರಯತ್ನವಿದೆ. ವ್ಯಾಕರಣ, ಛಂದಸ್ಸು, ಕಾವ್ಯ, ಆಡುಮಾತು ಈ ನಾಲ್ಕೂ ದಾರಿಗಳು ಮುಂದೆ ನಿಘಂಟಿನಲ್ಲಿ ಬಂದು ಕೂಡಿದವು.

ಇದೇ ಅವಧಿಯಲ್ಲಿ ಅವರ ಸ್ವಂತ ಸಂಸಾರಕ್ಕೆ ಪೆಟ್ಟು ಬಿದ್ದಿತು. ಅವರನ್ನು ಮದುವೆಯಾಗಿ ಬಂದ ಪೌಲೀನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ಸೋದರಿಯಾದ ಜೂಲಿಯವರನ್ನು ಕಿಟೆಲ್ಲರು ವಿವಾಹವಾದರು. ಅಂದಿನ ದಿನಗಳಲ್ಲಿ ಜ್ವರ, ಭೇದಿ, ಕಾಲರಾಗಳಿಗೆ ತುತ್ತಾಗಿ ಈ ನೆಲದಲ್ಲಿಯೇ ಮಣ್ಣಾದ ಪರದೇಶದ ಹೆಣ್ಣುಮಕ್ಕಳು ಅನೇಕರು. ಗಂಡಂದಿರು ಬರೆದ ಪುಸ್ತಕಗಳ ಮುಖಪುಟದಲ್ಲಿ ಅವರ ಹೆಸರಿಲ್ಲ. ಆದರೆ ಆ ಪುಸ್ತಕಗಳ ಬೆಲೆಯಲ್ಲಿ ಅವರ ಪಾಲಿದೆ.

ನಿಘಂಟಿನ ಕೆಲಸ ವರ್ಷಗಟ್ಟಲೆ ಸಾಗಿತು. ನಡುವೆ ಕಿಟೆಲ್ಲರು ಜರ್ಮನಿಗೆ ಮರಳಿದರು. ಅಲ್ಲಿಯೇ ಉಳಿದು, ಕೂಡಿಸಿದ್ದನ್ನೇ ತಿದ್ದಿ ಮುಗಿಸಿಬಿಡಬಹುದಿತ್ತು. ಆದರೆ ಶಬ್ದವನ್ನು ಆಡುವವರ ಬಾಯಿಂದ ಕೇಳದೆ ಅದರ ಅರ್ಥವನ್ನು ನಿಶ್ಚಯಿಸುವುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ಸ್ವದೇಶದ ನೆಮ್ಮದಿಯನ್ನು ಹಿಂದಿಟ್ಟು ಮತ್ತೆ ಭಾರತಕ್ಕೆ ಬಂದರು. ಈ ಸಲ ಅವರನ್ನು ಎಳೆದು ತಂದದ್ದು ಮತಪ್ರಚಾರದ ಹುಮ್ಮಸ್ಸಲ್ಲ; ನಿಘಂಟು ಈಗ ಉಪದೇಶಕ್ಕೆ ಉಪಕರಣವಾಗಿ ಉಳಿದಿರಲಿಲ್ಲ, ತಾನೇ ಗುರಿಯಾಗಿತ್ತು. ಮನೆಯವರ ದೇವರನ್ನು ಬಿಡಿಸಲೆಂದು ಬಂದವರು ಮನೆಯವರ ಮಾತಿಗೆ ಸೋತು ನಿಂತರು. ಕಿಟೆಲ್ಲರ ಬಾಳಿನ ತಿರುವು ಇಲ್ಲಿದೆಯೆಂದು ನನ್ನ ಭಾವನೆ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬಿದ್ದಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ. ರೀವ್ ಅವರ ಕೋಶವನ್ನು ಸ್ಯಾಂಡರ್ಸನ್ನರು 1858ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ್ದರು. ಆದರೆ ಕಿಟೆಲ್ಲರದು ಬೇರೆಯೇ ಬಗೆಯ ಕಟ್ಟಡ. ಶಬ್ದಕ್ಕೆ ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಅವರದಲ್ಲ. ಅದರ ಹಳೆಯ ರೂಪ ಯಾವುದು, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಬಂಧುಗಳು ಯಾರು, ಯಾವ ಕೃತಿಯಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಸೇರಿದೆ ಎಂಬುದನ್ನೆಲ್ಲ ಒಂದೆಡೆಗೆ ತರುತ್ತಾರೆ. ಕನ್ನಡವು ಸಂಸ್ಕೃತದಿಂದ ಪಡೆದದ್ದನ್ನು ಮಾತ್ರವೇ ಎಣಿಸುವ ರೂಢಿಯಿದ್ದ ಕಾಲದಲ್ಲಿ, ದ್ರಾವಿಡ ನುಡಿಗಳಿಂದ ಸಂಸ್ಕೃತವು ಪಡೆದಿರಬಹುದಾದ ಶಬ್ದಗಳ ಪಟ್ಟಿಯೊಂದನ್ನು ಪೀಠಿಕೆಯಲ್ಲಿ ಕೊಟ್ಟರು. ಆ ಪಟ್ಟಿಯ ಎಲ್ಲ ಶಬ್ದಗಳನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಹಾಗೆ ಕೇಳುವ ಧೈರ್ಯವನ್ನು ಮೆಚ್ಚದಿರುವಂತಿಲ್ಲ.

ನಮ್ಮ ಸೀಮೆಯವರಿಗೆ ಈ ನಿಘಂಟಿನಲ್ಲಿ ವಿಶೇಷವಾದ ಒಂದು ಸಂತೋಷವುಂಟು. ಕೆಲವು ಶಬ್ದಗಳ ಮುಂದೆ ಅವು ಮೈಸೂರಿನ ಬಳಕೆಯೆಂಬ ಗುರುತಿದ್ದರೆ, ಮತ್ತೆ ಕೆಲವುಗಳ ಮುಂದೆ ದಕ್ಷಿಣ ಮಹಾರಾಷ್ಟ್ರದ, ಎಂದರೆ ನಮ್ಮ ಧಾರವಾಡ–ಬಾಗಲಕೋಟೆಗಳ ಸೀಮೆಯ, ಬಳಕೆಯೆಂಬ ಗುರುತಿದೆ. ಬಿತ್ತುವ ಕೂರಿಗೆ, ಎಡೆಹೊಡೆಯುವ ಕುಂಟೆ, ಜೋಳವನ್ನು ನೆಲದಡಿ ತುಂಬಿಡುವ ಹಗೇವು ಮೊದಲಾದ ಒಕ್ಕಲುತನದ ಮಾತುಗಳು ಕಾವ್ಯದ ಮಾತುಗಳ ಜೊತೆಯಲ್ಲಿಯೇ ಸ್ಥಾನ ಪಡೆದಿವೆ. ಬಾದಾಮಿ, ಹುನಗುಂದಗಳ ಹಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ತಮ್ಮ ಮನೆಯ ಮಾತು ಅಶುದ್ಧವೆಂಬ ಅಳುಕನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿದ್ದೇನೆ. ಅಂಥವರ ಮುಂದೆ ಈ ನಿಘಂಟನ್ನು ತೆರೆದಿಟ್ಟು, ಅವರ ಅಜ್ಜ ಆಡುವ ಶಬ್ದವನ್ನು ಅದರಲ್ಲಿ ತೋರಿಸಿದರೆ ಅವರ ಮುಖದ ಬಣ್ಣವೇ ಬದಲಾಗುತ್ತದೆ. ಮನೆಯವರೇ ನಾಚಿಕೊಂಡು ಮೂಲೆಗಿಟ್ಟ ಪಾತ್ರೆಯನ್ನು ಅತಿಥಿಯು ಬೆಳಗಿ ಪಡಸಾಲೆಯಲ್ಲಿಟ್ಟಂತೆ ಇದು.

ಹಾಗೆಂದು ಹೊಸ್ತಿಲಾಚೆ ನಿಂತವನಿಗೆ ಎಲ್ಲವೂ ಕೇಳಿಸಿತೆಂದು ಹೇಳಲಾಗದು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲಿನ ಬಳಿಯಲ್ಲಿ, ಬಾಣಂತಿಯ ಕೋಣೆಯಲ್ಲಿ ನಮ್ಮ ಹೆಣ್ಣುಮಕ್ಕಳು ಆಡಿದ, ಹಾಡಿದ ಕನ್ನಡವು ಪರದೇಶದ ಗಂಡಸೊಬ್ಬನಿಗೆ ದಕ್ಕುವ ಬಗೆಯೆಂತು? ಆ ಸಂಪತ್ತನ್ನು ಹೊರಗೆ ತರಲು ಮನೆಯ ಮಕ್ಕಳೇ ಬೇಕಾಯಿತು. ಹಲಸಂಗಿಯ ಗೆಳೆಯರು ಗರತಿಯ ಹಾಡನ್ನು ಪ್ರಕಟಿಸಿದ್ದು 1931ರಲ್ಲಿ. ನಿಘಂಟಿನ ಕೆಲಸವೂ ಹಾಗೆಯೇ ಮುಂದುವರಿಯಿತು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ರಲ್ಲಿ ಪೂರ್ಣವಾಯಿತು. ಅತಿಥಿಯು ಹಾಕಿದ ತಳಹದಿಯ ಮೇಲೆ ಮನೆಯವರು ಅಂತಸ್ತುಗಳನ್ನೇರಿಸಿದರು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕಿಟೆಲ್ಲರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಳಗೊಂಡ ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿಯೇ ಅವರು ಕಣ್ಣು ಮುಚ್ಚಿದರು. ಬಾಳಿನ ಕೊನೆಯ ವರ್ಷದವರೆಗೂ ಅವರ ಮೇಜಿನ ಮೇಲೆ ಕನ್ನಡವಿತ್ತು.

ದೇಶ ಸುತ್ತಿ ಕೋಶ ಓದಿದವರು ಲೋಕದಲ್ಲಿ ಹಲವರು. ದೇಶ ಸುತ್ತಿ ಕೋಶವನ್ನೇ ಬರೆದವರು ವಿರಳ. ಕಿಟೆಲ್ಲರಿಗೆ ಯಾವ ಕನ್ನಡಿಗನೂ ತನ್ನ ಮನೆಯ ಒಳಕೋಣೆಯನ್ನು ಬಿಟ್ಟುಕೊಡಲಿಲ್ಲ. ಆ ಕೊರತೆಯನ್ನು ಅವರು ದೂರಾಗಿ ಪರಿವರ್ತಿಸದೆ ದುಡಿಮೆಯಾಗಿ ಪರಿವರ್ತಿಸಿದರು. ಕಟ್ಟೆಯ ಮೇಲೆ ಕುಳಿತೇ ಒಂದೊಂದು ಶಬ್ದವನ್ನು ಕೇಳಿ, ತೂಗಿ, ಬರೆದು, ಕೊನೆಗೆ ಕನ್ನಡಿಗರೆಲ್ಲರೂ ಒಳಗೆ ಬಂದು ಕೂರಬಹುದಾದ ಮನೆಯನ್ನು ಅವರೇ ಕಟ್ಟಿಕೊಟ್ಟರು. ಇಂದು ನಮ್ಮ ಮಕ್ಕಳು ಜರ್ಮನಿಗೋ ಸ್ಪೇನಿಗೋ ಹೋಗಿ ಅಲ್ಲಿಯವರ ಮನೆಯಲ್ಲಿ ಅತಿಥಿಗಳಾಗಿ ಆ ನುಡಿಗಳನ್ನು ಕಲಿಯುತ್ತಾರೆ. ಆ ಬಾಗಿಲು ಅವರಿಗೆ ನಗುತ್ತಲೇ ತೆರೆಯುತ್ತದೆ. ಕೆಲಸಕ್ಕೆಂದು ಹೊರನಾಡುಗಳಿಂದ ನಮ್ಮ ಊರುಗಳಿಗೆ ಬಂದು, ತೊದಲುತ್ತ ಕನ್ನಡವಾಡಲು ಹೊರಟವರು ನಮ್ಮ ಕಟ್ಟೆಯ ಬಳಿಯಲ್ಲಿಯೂ ಇದ್ದಾರೆ. ಅವರ ತಪ್ಪು ಮಾತಿಗೆ ನಗುವ ಮೊದಲು, ಒಳಗೆ ಕರೆದು ಒಂದು ರೊಟ್ಟಿ ಬಡಿಸುವುದು ಕಿಟೆಲ್ಲರಿಗೆ ನಾವು ಸಲ್ಲಿಸಬೇಕಾದ ಹಳೆಯ ಸಾಲದ ಮರುಪಾವತಿಯಾದೀತು.